ಹಾಲು ಕಟ್ಟಿದ ನಂಟು

ನೆಂಟಸ್ತಿಕೆ ಎಂದರೆ ಕನ್ನಡ ನಾಡಿನಲ್ಲಿ ಸಾಮಾನ್ಯವಾಗಿ ಎರಡು ಬಗೆ. ಒಂದು ಹುಟ್ಟಿನಿಂದ ಬರುವುದು, ಇನ್ನೊಂದು ಮದುವೆಯಿಂದ ಬರುವುದು. ಇಸ್ಲಾಮಿನ ಧರ್ಮಶಾಸ್ತ್ರ ಈ ಎರಡರ ಪಕ್ಕದಲ್ಲಿ ಮೂರನೆಯದೊಂದನ್ನು ಇಟ್ಟಿದೆ. ಅದು ಹಾಲಿನಿಂದ ಬರುವ ನಂಟು. ಹೆತ್ತವಳಲ್ಲದ ಹೆಂಗಸೊಬ್ಬಳು ಒಂದು ಕೂಸಿಗೆ ಎದೆಹಾಲು ಕೊಟ್ಟರೆ ಅವಳು ಆ ಕೂಸಿಗೆ ತಾಯಿಯಾಗುತ್ತಾಳೆ. ಅವಳ ಮಕ್ಕಳು ಅದಕ್ಕೆ ಅಣ್ಣತಮ್ಮಂದಿರು, ಅಕ್ಕತಂಗಿಯರಾಗುತ್ತಾರೆ. ಮುಂದೆ ಅವರ ನಡುವೆ ಮದುವೆ ಕೂಡದು. ಅರಬ್ಬಿಯಲ್ಲಿ ಇದನ್ನು ‘ರದಾಅ’ ಎನ್ನುತ್ತಾರೆ, ಉರ್ದುವಿನಲ್ಲಿ ‘ರಜಾಅತ್’. ಮನೆಮಾತಿನಲ್ಲಿ ಇಂಥವರು ದೂಧ್ ಭಾಯಿ, ದೂಧ್ ಬಹೆನ್.

ಇಂದಿನ ಮಾತಿನ ವಿಷಯ ಈ ಮೂರನೆಯ ನಂಟು. ಇದು ಹಳೆಯ ಕಾಲದ ಕುತೂಹಲದ ಸಂಗತಿ ಮಾತ್ರವಾಗಿದ್ದರೆ ವಿದ್ವಾಂಸರ ಗ್ರಂಥಗಳಲ್ಲೇ ಉಳಿದಿರುತ್ತಿತ್ತು. ಆದರೆ 2024ರ ಜೂನ್ ತಿಂಗಳಲ್ಲಿ ಪಾಕಿಸ್ತಾನದ ಕರಾಚಿಯಲ್ಲಿ, ಅವಧಿಗೆ ಮೊದಲೇ ಹುಟ್ಟಿದ ಕೂಸುಗಳಿಗಾಗಿ ಸಿದ್ಧವಾಗಿದ್ದ ತಾಯಿಹಾಲಿನ ಬ್ಯಾಂಕೊಂದು ಈ ನಂಟಿನ ಪ್ರಶ್ನೆಯಿಂದಲೇ ಕೆಲಸ ನಿಲ್ಲಿಸಬೇಕಾಯಿತು. ಸಾವಿರದ ನಾನೂರು ವರ್ಷ ಹಿಂದಿನ ನಿಯಮವೊಂದು ಇಂದಿನ ಆಸ್ಪತ್ರೆಯ ಬಾಗಿಲಲ್ಲಿ ಏಕೆ ನಿಂತಿದೆ ಎಂಬುದು ತಿಳಿಯಬೇಕಾದರೆ ಅದರ ಮೂಲಕ್ಕೆ ಹೋಗಬೇಕು.

ಹಾಲಿಗೂ ತಾಯ್ತನಕ್ಕೂ ಇರುವ ಸಂಬಂಧ ಭಾರತೀಯರಿಗೆ ಹೊಸದಲ್ಲ. ಆರು ಮಂದಿ ಕೃತ್ತಿಕೆಯರ ಹಾಲುಂಡ ಕುಮಾರಸ್ವಾಮಿಗೆ ಷಾಣ್ಮಾತುರ ಎಂಬ ಹೆಸರೇ ಬಂತು. ವಿಷದ ಹಾಲೂಡಿಸಲು ಬಂದ ಪೂತನಿಗೂ, ಮೊಲೆ ಕೊಟ್ಟಳೆಂಬ ಒಂದೇ ಕಾರಣಕ್ಕೆ, ತಾಯಿಗೆ ಸಲ್ಲುವ ಗತಿ ದೊರೆಯಿತೆಂದು ಭಾಗವತ ಹೇಳುತ್ತದೆ. ಆದರೆ ಇಲ್ಲೆಲ್ಲ ಅದು ಭಕ್ತಿಯ, ಭಾವನೆಯ ಮಾತು. ಇಸ್ಲಾಮಿನಲ್ಲಿ ಅದು ಕಾನೂನು. ಎಷ್ಟು ಸಲ ಕುಡಿಸಿದರೆ ತಾಯಿ, ಎಷ್ಟು ವಯಸ್ಸಿನೊಳಗೆ ಕುಡಿದರೆ ಮಗು, ಅದಕ್ಕೆ ಸಾಕ್ಷಿ ಯಾರು ಎಂಬುದನ್ನೆಲ್ಲ ಶಾಸ್ತ್ರಜ್ಞರು ಅಳೆದು ತೂಗಿ ಬರೆದಿಟ್ಟಿದ್ದಾರೆ.

ಆರನೆಯ ಶತಮಾನದ ಮೆಕ್ಕಾ ಪಟ್ಟಣದ ಕುರೈಶ್ ಮನೆತನಗಳಲ್ಲಿ ಕೂಸುಗಳನ್ನು ಮರುಭೂಮಿಯ ಬುಡಕಟ್ಟಿನ ಹೆಂಗಸರಿಗೆ ಹಾಲೂಡಿಸಲು ಒಪ್ಪಿಸುವ ರೂಢಿಯಿತ್ತು. ಬಯಲಿನ ಗಾಳಿ ಮೈಗೆ ಒಳ್ಳೆಯದು, ಅಲ್ಲಿನ ಅರಬ್ಬಿ ನುಡಿ ಶುದ್ಧವಾದದ್ದು ಎಂಬ ನಂಬಿಕೆ ಇದಕ್ಕೆ ಕಾರಣವೆಂದು ಹೇಳುತ್ತಾರೆ. ಪ್ರವಾದಿ ಮುಹಮ್ಮದರಿಗೆ ಮೊದಲ ಕೆಲವು ದಿನ ಹಾಲು ಕೊಟ್ಟವಳು ಅವರ ದೊಡ್ಡಪ್ಪ ಅಬೂ ಲಹಬ್‌ನ ದಾಸಿ ಸುವೈಬಾ. ಆಮೇಲೆ ಅವರನ್ನು ಸಾಕಿದವಳು ಸಅದ್ ಬುಡಕಟ್ಟಿನ ಹಲೀಮಾ. ಆದಿಯ ಜೀವನಚರಿತ್ರೆಕಾರ ಇಬ್ನ್ ಇಸ್‌ಹಾಕ್ ಕೊಡುವ ವೃತ್ತಾಂತದ ಪ್ರಕಾರ ಅದು ಬರಗಾಲದ ವರ್ಷ. ಹಲೀಮಾಳ ಎದೆಯಲ್ಲಿ ಹಾಲಿಲ್ಲ, ಅವಳ ಸ್ವಂತ ಕೂಸು ಹಸಿವಿನಿಂದ ರಾತ್ರಿಯೆಲ್ಲ ಅಳುತ್ತಿತ್ತು. ಜೊತೆಗೆ ಬಂದ ಹೆಂಗಸರಿಗೆಲ್ಲ ಅನುಕೂಲಸ್ಥರ ಮಕ್ಕಳು ಸಿಕ್ಕವು. ತಂದೆಯಿಲ್ಲದ ಈ ಕೂಸನ್ನು ಮಾತ್ರ ಯಾರೂ ಒಪ್ಪಲಿಲ್ಲ, ಏಕೆಂದರೆ ಕೂಲಿ ಕೊಡುವವರು ಯಾರು? ಬರಿಗೈಯಲ್ಲಿ ಹಿಂದಿರುಗಲು ಮನಸ್ಸಾಗದೆ ಹಲೀಮಾ ಅದನ್ನು ಎತ್ತಿಕೊಂಡಳು. ಮುಸ್ಲಿಮರ ಮನೆಗಳಲ್ಲಿ ಇಂದಿಗೂ ಹೆಣ್ಣುಮಕ್ಕಳಿಗೆ ಹಲೀಮಾ ಎಂದು ಹೆಸರಿಡುವವರು ಈ ಬಡ ದಾದಿಯನ್ನು ನೆನೆಯುತ್ತಾರೆ.

ಈ ಹಾಲಿನ ಋಣ ಮುಂದೆ ದೊಡ್ಡ ಪ್ರಸಂಗವೊಂದರಲ್ಲಿ ಎದುರಾಯಿತು. 630ರಲ್ಲಿ ಹುನೈನ್ ಕಣಿವೆಯಲ್ಲಿ ಮುಸ್ಲಿಮರಿಗೂ ಹವಾಜಿನ್ ಬುಡಕಟ್ಟುಗಳಿಗೂ ಯುದ್ಧವಾಯಿತು. ಹಲೀಮಾಳ ಸಅದ್ ಕುಲ ಈ ಹವಾಜಿನರದೇ ಒಂದು ಕವಲು. ಸೆರೆಸಿಕ್ಕವರಲ್ಲಿ ಶೈಮಾ ಎಂಬ ವಯಸ್ಸಾದ ಹೆಂಗಸು, ತಾನು ಪ್ರವಾದಿಯ ಅಕ್ಕ ಎಂದಳು. ಆಕೆ ಹಲೀಮಾಳ ಮಗಳು. ಪುರಾವೆ ಕೇಳಿದಾಗ, ಎಳೆಯ ಮಗುವಾಗಿದ್ದ ಅವರನ್ನು ಹೊತ್ತು ತಿರುಗುವಾಗ ಅವರೇ ಕಚ್ಚಿದ ಗುರುತನ್ನು ಬೆನ್ನ ಮೇಲೆ ತೋರಿಸಿದಳೆಂದು ಚರಿತ್ರೆಕಾರರು ಬರೆದಿದ್ದಾರೆ. ಪ್ರವಾದಿಯವರು ತಮ್ಮ ಹೊದಿಕೆಯನ್ನು ಹಾಸಿ ಅವಳನ್ನು ಕೂರಿಸಿದರು, ಉಡುಗೊರೆ ಕೊಟ್ಟು ಅವಳಿಚ್ಛೆಯಂತೆ ತವರಿಗೆ ಕಳಿಸಿದರು. ಬಳಿಕ ಹವಾಜಿನರ ನಿಯೋಗ ಬಂದು, ಸೆರೆಯಲ್ಲಿರುವ ಹೆಂಗಸರು ನಿಮಗೆ ಹಾಲಿನ ಕಡೆಯಿಂದ ಚಿಕ್ಕಮ್ಮಂದಿರು, ಸೋದರತ್ತೆಯರು ಎಂದು ಅರಿಕೆ ಮಾಡಿತು. ಸಾಂಪ್ರದಾಯಿಕ ಲೆಕ್ಕದಂತೆ ಸುಮಾರು 6,000 ಸೆರೆಯಾಳುಗಳಿಗೆ ಬಿಡುಗಡೆಯಾಯಿತು. ಐವತ್ತಕ್ಕೂ ಹೆಚ್ಚು ವರ್ಷಗಳ ಹಿಂದೆ ಒಂದು ಕೂಸು ಕುಡಿದ ಹಾಲು ಒಂದು ಕುಲವನ್ನೇ ಕಾಯಿತು.

ಮದುವೆಯ ನಿಷೇಧಕ್ಕೂ ಪ್ರವಾದಿಯವರ ಬಾಳಿನಲ್ಲೇ ನಿದರ್ಶನವಿದೆ. ಅವರ ಚಿಕ್ಕಪ್ಪ ಹಮ್ಜಾ 625ರಲ್ಲಿ ಉಹುದ್ ಯುದ್ಧದಲ್ಲಿ ಮಡಿದರು. ತಬ್ಬಲಿಯಾದ ಅವರ ಮಗಳನ್ನು ನೀವೇ ಮದುವೆಯಾಗಬಾರದೇಕೆ ಎಂಬ ಸಲಹೆ ಬಂತು. ಚಿಕ್ಕಪ್ಪನ ಮಗಳನ್ನು ಮದುವೆಯಾಗಲು ಅರಬರಲ್ಲಿ ಅಡ್ಡಿಯಿಲ್ಲ. ಆದರೆ ಹಮ್ಜಾರಿಗೂ ಸುವೈಬಾ ಹಾಲು ಕೊಟ್ಟಿದ್ದಳು. ಹೀಗಾಗಿ ಚಿಕ್ಕಪ್ಪನೇ ಹಾಲಿನ ಲೆಕ್ಕದಲ್ಲಿ ಸೋದರ, ಅವರ ಮಗಳು ಸೋದರನ ಮಗಳು. ಸಲಹೆ ಅಲ್ಲಿಗೇ ನಿಂತಿತು. ಹುಟ್ಟಿನಿಂದ ಯಾವ ಯಾವ ಸಂಬಂಧ ಮದುವೆಗೆ ವರ್ಜ್ಯವೋ ಹಾಲಿನಿಂದಲೂ ಅವು ವರ್ಜ್ಯ ಎಂಬ ಸೂತ್ರ ಹದೀಸ್ ಸಂಗ್ರಹಗಳಲ್ಲಿ ಈ ಸಂದರ್ಭದೊಂದಿಗೇ ಬರುತ್ತದೆ.

ಇದಕ್ಕೆಲ್ಲ ಬುನಾದಿ ಕುರ್‌ಆನ್. ಅದರ ನಾಲ್ಕನೆಯ ಅಧ್ಯಾಯದ 23ನೆಯ ವಚನ ಮದುವೆಯಾಗಬಾರದ ಹೆಂಗಸರ ಪಟ್ಟಿ ಕೊಡುವಾಗ ಹಾಲು ಕೊಟ್ಟ ತಾಯಿ ಮತ್ತು ಹಾಲಿನ ಅಕ್ಕತಂಗಿಯರನ್ನು ಸೇರಿಸುತ್ತದೆ. ಎರಡನೆಯ ಅಧ್ಯಾಯದ 233ನೆಯ ವಚನ ಹಾಲೂಡಿಸುವ ಪೂರ್ಣ ಅವಧಿ ಎರಡು ವರ್ಷ ಎನ್ನುತ್ತದೆ. ಹಾಲೂಡಿಸುವ ತಾಯಿಯ ಅನ್ನ ಬಟ್ಟೆ ತಂದೆಯ ಹೊಣೆ, ಹಾಲು ಬಿಡಿಸುವುದು ಇಬ್ಬರೂ ಕೂಡಿ ಮಾತಾಡಿ ತೀರ್ಮಾನಿಸುವ ವಿಷಯ, ಬೇರೆ ದಾದಿಯನ್ನು ಗೊತ್ತುಮಾಡಿದರೆ ತಪ್ಪಿಲ್ಲ, ಆದರೆ ಒಪ್ಪಿದ ಕೂಲಿಯನ್ನು ನ್ಯಾಯವಾಗಿ ಕೊಡಬೇಕು ಎಂಬುದು ಅದರ ತಾತ್ಪರ್ಯ. ಗಂಡಹೆಂಡಿರು ಬೇರೆಯಾದ ಮೇಲೂ ಹೆತ್ತ ತಾಯಿ ಹಾಲೂಡಿಸಿದರೆ ಅದಕ್ಕೆ ಪ್ರತಿಫಲ ಸಲ್ಲಬೇಕೆಂದು 65ನೆಯ ಅಧ್ಯಾಯ ಹೇಳುತ್ತದೆ. ಹಾಲೂಡಿಸುವುದು ಬೆಲೆಯುಳ್ಳ ದುಡಿಮೆ ಎಂಬ ತಿಳಿವಳಿಕೆ ಇಲ್ಲಿ ಗಮನಾರ್ಹ.

ಈ ನಂಟಿನ ಲೆಕ್ಕ ಹೇಗೆ ಹರಡುತ್ತದೆ ಎಂಬುದನ್ನು ಒಂದು ಉದಾಹರಣೆಯಿಂದ ನೋಡಬಹುದು. ಬಾಣಂತಿಯೊಬ್ಬಳು ಕಾಯಿಲೆ ಬಿದ್ದಳು. ಅವಳ ತಾಯಿಗೂ ಆಗ ಕೈಗೂಸಿತ್ತು. ಹಿಂದಿನ ಕಾಲದ ತುಂಬಿದ ಮನೆಗಳಲ್ಲಿ ಇದು ಅಪರೂಪವೇನಲ್ಲ. ಅಜ್ಜಿ ಮೊಮ್ಮಗನಿಗೆ ಹಾಲು ಕೊಟ್ಟಳು. ಆ ಕ್ಷಣದಿಂದ ಮೊಮ್ಮಗ ಅಜ್ಜಿಗೆ ಮಗನಾದ, ಸೋದರಮಾವನಿಗೆ ತಮ್ಮನಾದ. ಸೋದರಮಾವನ ಮಗಳು ಅವನಿಗೆ ಅಣ್ಣನ ಮಗಳಾದಳು. ಮುಸ್ಲಿಮರಲ್ಲಿ ಸೋದರಮಾವನ ಮಗಳನ್ನು ತರುವುದು ವಾಡಿಕೆಯಾದರೂ ಇವನು ಅವಳನ್ನು ಮದುವೆಯಾಗುವಂತಿಲ್ಲ. ಆದರೆ ಅಜ್ಜಿಯ ಹಾಲು ಕುಡಿಯದ ಅವನ ಒಡಹುಟ್ಟಿದ ತಮ್ಮ ಮದುವೆಯಾಗಬಹುದು. ನಂಟು ಹಾಲು ಕುಡಿದವನಿಗೂ ಅವನ ಸಂತಾನಕ್ಕೂ ಅಂಟುತ್ತದೆಯೇ ಹೊರತು ಅವನ ಅಣ್ಣತಮ್ಮಂದಿರಿಗಲ್ಲ.

ಇನ್ನೂ ಒಂದು ಹೆಜ್ಜೆ ಇದೆ. ಹಾಲು ಕೊಟ್ಟವಳ ಗಂಡನೂ ತಂದೆಯಾಗುತ್ತಾನೆ. ಆಯಿಶಾ ಅವರನ್ನು ಕಾಣಲು ಅಫ್ಲಹ್ ಎಂಬಾತ ಬಂದಾಗ ಅವರು ಒಳಗೆ ಬಿಡಲಿಲ್ಲ. ಅವನು ಅವರಿಗೆ ಹಾಲು ಕೊಟ್ಟವಳ ಗಂಡನ ತಮ್ಮ. ಹಾಲು ಕೊಟ್ಟವಳು ಹೆಂಗಸು, ಅವಳ ಗಂಡನ ಕಡೆಯವನಿಗೂ ತಮಗೂ ಏನು ಸಂಬಂಧ ಎಂಬುದು ಆಯಿಶಾ ಅವರ ಪ್ರಶ್ನೆ. ಅವನು ನಿನಗೆ ಚಿಕ್ಕಪ್ಪನಾಗಬೇಕು, ಒಳಗೆ ಬಿಡು ಎಂದು ಪ್ರವಾದಿಯವರು ತಿಳಿಸಿದರು. ಎದೆಯಲ್ಲಿ ಹಾಲು ಬರಲು ಬಸಿರು ಕಾರಣ, ಬಸಿರಿಗೆ ಗಂಡ ಕಾರಣ, ಆದ್ದರಿಂದ ಹಾಲಿನಲ್ಲಿ ಅವನದೂ ಪಾಲಿದೆ ಎಂಬುದು ಶಾಸ್ತ್ರಜ್ಞರ ತರ್ಕ.

ವಿವರಗಳಲ್ಲಿ ಪಂಥಗಳ ನಡುವೆ ಭಿನ್ನಮತವಿದೆ. ಭಾರತದ ಬಹುಪಾಲು ಮುಸ್ಲಿಮರು ಅನುಸರಿಸುವ ಹನಫಿ ಪಂಥಕ್ಕೆ, ಹಾಗೂ ಮಾಲಿಕಿ ಪಂಥಕ್ಕೆ, ಒಂದು ಗುಟುಕು ಹೊಟ್ಟೆಗೆ ಹೋದರೂ ಸಾಕು. ಕರಾವಳಿಯಲ್ಲಿ ಹೆಚ್ಚಾಗಿರುವ ಶಾಫಿ ಪಂಥದವರೂ ಹಂಬಲಿಗಳೂ ಐದು ಸಲ ಬೇರೆ ಬೇರೆಯಾಗಿ ಕುಡಿದಿರಬೇಕು ಎನ್ನುತ್ತಾರೆ. ವಯಸ್ಸಿನ ಮಿತಿ ಹೆಚ್ಚಿನವರಿಗೆ ಎರಡು ವರ್ಷ, ಇಮಾಮ್ ಅಬೂ ಹನೀಫಾ ಮಾತ್ರ 30 ತಿಂಗಳು ಎಂದರು. ಬೆಳೆದವರು ಕುಡಿದರೆ ನಂಟು ಹುಟ್ಟುವುದಿಲ್ಲ ಎಂಬುದು ನಾಲ್ಕೂ ಪಂಥಗಳ ಒಮ್ಮತ. 2007ರಲ್ಲಿ ಕೈರೋದ ಅಲ್ ಅಜ್‌ಹರ್ ವಿಶ್ವವಿದ್ಯಾಲಯದ ಅಧ್ಯಾಪಕರೊಬ್ಬರು, ಒಂದೇ ಕಚೇರಿಯಲ್ಲಿ ದುಡಿಯುವ ಗಂಡಸು ಹೆಂಗಸರಿಗೂ ಈ ನಿಯಮ ಹಚ್ಚಬಹುದೆಂದು ಹೇಳಿ ನಗೆಪಾಟಲಿಗೀಡಾದರು. ವಿಶ್ವವಿದ್ಯಾಲಯ ಅವರನ್ನು ಅಮಾನತುಗೊಳಿಸಿತು.

ಹಸು, ಮೇಕೆಯ ಹಾಲಿನಿಂದ ನಂಟು ಹುಟ್ಟುವುದಿಲ್ಲ ಎಂಬುದನ್ನೂ ಶಾಸ್ತ್ರಜ್ಞರು ಬರೆಯದೆ ಬಿಟ್ಟಿಲ್ಲ. ಇಬ್ಬರು ಹೆಂಗಸರ ಹಾಲು ಬೆರೆತರೆ ತಾಯಿ ಯಾರು ಎಂಬ ಪ್ರಶ್ನೆಯನ್ನೂ ಹನ್ನೆರಡನೆಯ ಶತಮಾನದ ‘ಹಿದಾಯಾ’ ಗ್ರಂಥ ಎತ್ತುತ್ತದೆ. ಯಾರ ಹಾಲು ಹೆಚ್ಚೋ ಅವಳು ತಾಯಿ ಎಂದು ಅಬೂ ಯೂಸುಫ್, ಇಬ್ಬರೂ ತಾಯಂದಿರೇ ಎಂದು ಇಮಾಮ್ ಮುಹಮ್ಮದ್ ಅಭಿಪ್ರಾಯಪಟ್ಟರು. 1791ರಲ್ಲಿ ಚಾರ್ಲ್ಸ್ ಹ್ಯಾಮಿಲ್ಟನ್ ಇಂಗ್ಲಿಷಿಗೆ ತಂದ ಈ ಗ್ರಂಥ ಬ್ರಿಟಿಷರ ಕಾಲದ ಭಾರತೀಯ ನ್ಯಾಯಾಲಯಗಳಿಗೆ ಕೈಪಿಡಿಯಾಯಿತು. 1937ರ ಶರೀಅತ್ ಕಾಯಿದೆಯ ಮೂಲಕ ಮುಸ್ಲಿಮರ ಮದುವೆಗೆ ಅವರ ವೈಯಕ್ತಿಕ ಕಾನೂನೇ ಅನ್ವಯಿಸುವುದರಿಂದ, ಹಾಲಿನ ನಂಟಿನವರ ಮದುವೆ ಈ ದೇಶದಲ್ಲೂ ಊರ್ಜಿತವಲ್ಲ.

ಮದುವೆಯಾದ ಮೇಲೆ ವಿಷಯ ಗೊತ್ತಾದರೆ? ಉಕ್ಬಾ ಎಂಬಾತನ ಮದುವೆಯ ನಂತರ ದಾಸಿಯೊಬ್ಬಳು ಬಂದು, ನಿಮ್ಮಿಬ್ಬರಿಗೂ ಹಾಲು ಕೊಟ್ಟವಳು ತಾನು ಎಂದಳು. ಅವನು ಮೆಕ್ಕಾದಿಂದ ಮದೀನಾಕ್ಕೆ ಪ್ರಯಾಣ ಮಾಡಿ ಕೇಳಿದ. ಇಂಥ ಮಾತು ಬಂದ ಮೇಲೆ ಕೂಡಿ ಬಾಳುವುದು ಹೇಗೆ ಎಂಬ ಅರ್ಥದ ಉತ್ತರ ಬಂತು, ಇಬ್ಬರೂ ಬೇರೆಯಾದರು. ಮುಂದಿನ ಶಾಸ್ತ್ರಜ್ಞರು ಇಂತಿಷ್ಟು ಸಾಕ್ಷಿಗಳು ಬೇಕೆಂದು ನಿಯಮ ಮಾಡಿದರೂ ಒಬ್ಬ ದಾಸಿಯ ಮಾತಿಗೆ ಅಂದು ದೊರೆತ ತೂಕ ಸಣ್ಣದಲ್ಲ.

ಈ ನಂಟಿಗೆ ಮಿತಿಗಳೂ ಇವೆ. ಹಾಲಿನ ಮಗನಿಗೆ ಆಸ್ತಿಯಲ್ಲಿ ಪಾಲಿಲ್ಲ. ವೃದ್ಧಾಪ್ಯದಲ್ಲಿ ಹಾಲಿನ ತಾಯಿಯನ್ನು ಸಾಕಲೇಬೇಕೆಂಬ ಕಾನೂನಿನ ಕಟ್ಟಳೆಯೂ ಇಲ್ಲ. ಮದುವೆ ಕೂಡದು, ಒಬ್ಬರ ಮುಂದೊಬ್ಬರು ಪರದೆಯಿಲ್ಲದೆ ಓಡಾಡಬಹುದು, ಇಷ್ಟೇ. ಆದರೆ ಪರದೆಯ ಕಟ್ಟುನಿಟ್ಟು ಇದ್ದ ಸಮಾಜದಲ್ಲಿ ಈ ಎರಡನೆಯದು ಬಹಳ ಉಪಯೋಗಕ್ಕೆ ಬಂತು. ಒಂದೇ ಮನೆಯಲ್ಲಿ ಬೆಳೆಯುವ ದಾಯಾದಿಗಳ ಮಕ್ಕಳಿಗೆ ಬೇಕೆಂದೇ ಹಾಲು ಕೊಟ್ಟು, ಮುಂದೆ ಪರದೆಯ ತೊಡಕು ಬಾರದಂತೆ ನೋಡಿಕೊಂಡ ಹೆಂಗಸರ ಜಾಣ್ಮೆಯನ್ನು ಸೌದಿಯ ಮಾನವಶಾಸ್ತ್ರಜ್ಞೆ ಸುರಯ್ಯಾ ಅಲ್ತೋರ್ಕಿ 1980ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ವಿವರಿಸಿದ್ದಾರೆ. ಹಿಂದೂಕುಶ್ ಪರ್ವತಗಳ ಚಿತ್ರಾಲ್ ಸಂಸ್ಥಾನದಲ್ಲಿ ರಾಜಕುಮಾರರನ್ನು ಸರದಾರರ ಮನೆಗಳಿಗೆ ಹಾಲೂಡಿಸಲು ಕೊಟ್ಟು ಆ ಮನೆತನಗಳ ನಿಷ್ಠೆಯನ್ನು ಕಟ್ಟಿಹಾಕುತ್ತಿದ್ದರು.

ಮೊಗಲರ ಆಸ್ಥಾನದಲ್ಲಿ ಇದು ರಾಜಕೀಯ ಬಲವೇ ಆಗಿತ್ತು. ಅಲ್ಲಿ ದಾದಿಗೆ ‘ಅನಗಾ’, ಅವಳ ಗಂಡನಿಗೆ ‘ಅತ್ಕಾ’, ಅವಳ ಮಗನಿಗೆ ‘ಕೋಕಾ’ ಎಂಬ ಬಿರುದುಗಳಿದ್ದವು. 1542ರಲ್ಲಿ ಅಮರಕೋಟೆಯಲ್ಲಿ ಹುಟ್ಟಿದ ಅಕ್ಬರನಿಗೆ ಹಾಲು ಕೊಟ್ಟ ಹೆಂಗಸರ ಪಟ್ಟಿಯನ್ನೇ ಅಬುಲ್ ಫಜಲ್ ಬರೆದಿಟ್ಟಿದ್ದಾನೆ. ಅವರಲ್ಲಿ ಜೀಜಿ ಅನಗಾ ಮುಖ್ಯಳು. ಅವಳ ಗಂಡ ಅತ್ಕಾ ಖಾನನನ್ನು 1562ರಲ್ಲಿ ಆಗ್ರಾದಲ್ಲಿ ಕೊಂದವನು ಆಧಮ್ ಖಾನ್, ದಾದಿಯರ ಮುಖ್ಯಸ್ಥೆ ಮಾಹಮ್ ಅನಗಾಳ ಮಗ. ಹೀಗೆ ಹಾಲಿನ ತಂದೆಯನ್ನು ಕೊಂದವನೂ ದಾದಿಯ ಮನೆಯವನೇ. ಕೆರಳಿದ ಅಕ್ಬರ್ ಅವನನ್ನು ಅರಮನೆಯ ಮಹಡಿಯಿಂದ ಎರಡು ಸಲ ಕೆಳಗೆ ತಳ್ಳಿಸಿ ಕೊಲ್ಲಿಸಿದ. ಕೆಲವೇ ವಾರಗಳಲ್ಲಿ ಮಾಹಮ್ ಅನಗಾ ಕೊರಗಿ ಸತ್ತಳು. ಆದರೆ ಜೀಜಿಯ ಮಗ ಅಜೀಜ್ ಕೋಕಾ ಎಷ್ಟು ಸಲ ಎದುರು ಮಾತಾಡಿದರೂ ಅಕ್ಬರ್ ಸಹಿಸಿದ. ತಮ್ಮಿಬ್ಬರ ನಡುವೆ ಹಾಲಿನ ಹೊಳೆಯೊಂದು ಹರಿಯುತ್ತಿದೆ, ಅದನ್ನು ದಾಟಲಾರೆ ಎನ್ನುತ್ತಿದ್ದನಂತೆ. 1600ರ ಸುಮಾರಿಗೆ ಜೀಜಿ ತೀರಿಕೊಂಡಾಗ ಚಕ್ರವರ್ತಿ ಆಕೆಯ ಶವಕ್ಕೆ ಹೆಗಲು ಕೊಟ್ಟು, ತಲೆ ಮೀಸೆ ಬೋಳಿಸಿಕೊಂಡನೆಂದು ದಾಖಲೆಯಿದೆ.

ಅರಮನೆಯ ದಾದಿಗೆ ಸಿಕ್ಕ ಗೌರವ ಎಲ್ಲ ದಾದಿಯರಿಗೂ ಸಿಕ್ಕಿತೆಂದು ಭಾವಿಸಬಾರದು. ಹಾಲು ಕೊಟ್ಟವರಲ್ಲಿ ಹೆಚ್ಚಿನವರು ಬಡವರು, ಹಲವರು ದಾಸಿಯರು. ಕೂಲಿಗಾಗಿ ಉಳ್ಳವರ ಮಗುವಿಗೆ ಎದೆ ಕೊಡುವಾಗ ತನ್ನ ಮಗುವಿನ ಪಾಲು ಕಡಿಮೆಯಾಗುವ ಸಂಕಟ ಹಲೀಮಾಳ ಕಥೆಯಿಂದಲೇ ತಿಳಿಯುತ್ತದೆ. ಆದರೂ ಒಂದು ವ್ಯತ್ಯಾಸವಿದೆ. ಹದಿನೆಂಟನೆಯ ಶತಮಾನದ ಪ್ಯಾರಿಸ್‌ನಲ್ಲಿ ಪಟ್ಟಣದ ಕೂಸುಗಳನ್ನು ಹಳ್ಳಿಯ ದಾದಿಯರಿಗೆ ಒಪ್ಪಿಸುವುದು ಎಷ್ಟು ವ್ಯಾಪಕವಾಗಿತ್ತೆಂದರೆ 1769ರಲ್ಲಿ ಅದಕ್ಕೊಂದು ಸರ್ಕಾರಿ ಕಚೇರಿಯೇ ತೆರೆಯಿತು. ಅಲ್ಲಿ ಕೂಲಿ ಸಂದಾಯವಾದ ಮೇಲೆ ಕಾನೂನಿನ ಕಣ್ಣಿಗೆ ದಾದಿ ಯಾರೂ ಅಲ್ಲ. ಇಸ್ಲಾಮಿನಲ್ಲಿ ಕೂಲಿ ಸಂದಮೇಲೂ ಅವಳು ತಾಯಿ. ಅವಳ ಹೆಸರನ್ನು ಮರೆಯುವಂತಿಲ್ಲ, ಏಕೆಂದರೆ ಮುಂದೆ ಮದುವೆಯ ಮಾತು ಬಂದಾಗ ಆ ಹೆಸರು ಬೇಕಾಗುತ್ತದೆ.

ಇಂದಿನ ಬಿಕ್ಕಟ್ಟು ಹುಟ್ಟುವುದು ಇಲ್ಲಿಯೇ. ತಾಯಿಹಾಲಿನ ಬ್ಯಾಂಕು ಎಂದರೆ ಹಾಲು ಹೆಚ್ಚಾಗಿರುವ ತಾಯಂದಿರಿಂದ ದಾನ ಪಡೆದು, ಸಾಮಾನ್ಯವಾಗಿ ಹಲವರ ಹಾಲನ್ನು ಬೆರೆಸಿ, 62.5 ಡಿಗ್ರಿ ಸೆಲ್ಸಿಯಸ್‌ನಲ್ಲಿ ಅರ್ಧ ಗಂಟೆ ಕಾಯಿಸಿ, ಹೆಪ್ಪುಗಟ್ಟಿಸಿ ಇಡುವ ವ್ಯವಸ್ಥೆ. ಏಷ್ಯಾದಲ್ಲಿ ಮೊದಲನೆಯದು 1989ರಲ್ಲಿ ಮುಂಬಯಿಯ ಸಯನ್ ಆಸ್ಪತ್ರೆಯಲ್ಲಿ ಆರಂಭವಾಯಿತು. ತಿಂಗಳು ತುಂಬದೆ ಹುಟ್ಟಿದ ಕೂಸುಗಳ ಕರುಳಿಗೆ ಪುಡಿಹಾಲು ಒಗ್ಗುವುದು ಕಷ್ಟ. ಕರುಳು ಕೊಳೆಯುವ ಮಾರಕ ರೋಗದ ಅಪಾಯವೂ ಹೆಚ್ಚು. ಹೆತ್ತ ತಾಯಿಯ ಹಾಲು ಸಿಗದಿದ್ದರೆ ದಾನದ ಹಾಲು ಕೊಡಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ ಸಲಹೆ ಮಾಡಿದೆ. ಆದರೆ ರಕ್ತದಾನದಂತೆ ಇಲ್ಲೂ ದಾನಿಯ ಹೆಸರು ಗುಟ್ಟು. ಯಾರ ಹಾಲು ಯಾರಿಗೆ ಹೋಯಿತೆಂದು ತಿಳಿಯದಿದ್ದರೆ, ಇಪ್ಪತ್ತು ವರ್ಷಗಳ ಬಳಿಕ ಹಾಲಿನ ಅಣ್ಣತಂಗಿಯರು ತಿಳಿಯದೆ ಮದುವೆಯಾದಾರು ಎಂಬುದು ಶಾಸ್ತ್ರಜ್ಞರ ಅಂಜಿಕೆ.

ಈ ಅಂಜಿಕೆಗೆ ಉತ್ತರ ಒಂದೇ ಆಗಿಲ್ಲ. 1983ರಲ್ಲಿ ಯೂಸುಫ್ ಅಲ್ ಕರದಾವಿ, ಎದೆಗೆ ಬಾಯಿಟ್ಟು ಕುಡಿದರೆ ಮಾತ್ರ ನಂಟು ಎಂಬ ಇಬ್ನ್ ಹಜ್ಮ್‌ನ ಹಳೆಯ ಮತವನ್ನು ಆಧರಿಸಿ, ಬ್ಯಾಂಕಿನ ಹಾಲಿಗೆ ಅಡ್ಡಿಯಿಲ್ಲ ಎಂದರು. ಬರೀ ಅನುಮಾನದಿಂದ ನಿಷೇಧ ಹುಟ್ಟುವುದಿಲ್ಲ ಎಂಬುದೂ ಅವರ ವಾದ. 1985ರಲ್ಲಿ ಜಿದ್ದಾದ ಅಂತರರಾಷ್ಟ್ರೀಯ ಇಸ್ಲಾಮಿ ಫಿಕ್‌ಹ್ ಅಕಾಡೆಮಿ ಇದಕ್ಕೆ ವಿರುದ್ಧವಾಗಿ, ಮುಸ್ಲಿಂ ದೇಶಗಳಲ್ಲಿ ಇಂಥ ಬ್ಯಾಂಕು ಕೂಡದೆಂದು ನಿರ್ಣಯಿಸಿತು. ಟರ್ಕಿಯ ಇಜ್ಮಿರ್ ನಗರದ ಯೋಜನೆ 2013ರ ಹೊತ್ತಿಗೆ ವಿವಾದಕ್ಕೆ ಸಿಕ್ಕಿತು. 2019ರ ಕೊನೆಯಲ್ಲಿ ಢಾಕಾದ ಬ್ಯಾಂಕು ಲಾಯರ್ ನೋಟಿಸಿನ ನಂತರ ಸ್ಥಗಿತಗೊಂಡಿತು. ಕರಾಚಿಯಲ್ಲಿ 2023ರ ಡಿಸೆಂಬರ್‌ನಲ್ಲಿ ಷರತ್ತಿನ ಮೇಲೆ ಒಪ್ಪಿಗೆ ಕೊಟ್ಟ ದಾರುಲ್ ಉಲೂಮ್, ಆರು ತಿಂಗಳಲ್ಲಿ ತನ್ನ ಅಭಿಪ್ರಾಯವನ್ನು ಪರಿಷ್ಕರಿಸಿತು. ಸಿದ್ಧವಾದ ಯಂತ್ರಗಳು ನಿಂತವು.

ಹಾಗಾದರೆ ಧರ್ಮ ಒಂದು ಕಡೆ, ಕೂಸಿನ ಪ್ರಾಣ ಇನ್ನೊಂದು ಕಡೆಯೇ? ಹಾಗೆ ತಿಳಿಯುವುದು ಆತುರವಾದೀತು. ಇನ್ನೊಬ್ಬಳ ಹಾಲು ಕೂಸಿಗೆ ಕೊಡುವುದನ್ನು ಇಸ್ಲಾಂ ಎಂದೂ ಆಕ್ಷೇಪಿಸಿಲ್ಲ, ಅದಕ್ಕೆ ತಾಯಿಯ ಪದವಿಯನ್ನೇ ಕೊಟ್ಟಿದೆ. ಆಕ್ಷೇಪ ಇರುವುದು ಹೆಸರು ಅಳಿಸುವುದಕ್ಕೆ. ಹೆಸರು ಉಳಿಸಿಕೊಂಡೇ ಹಾಲು ಕೊಡುವ ದಾರಿಯನ್ನು ಕುವೈತ್, ಮಲೇಷ್ಯಾಗಳ ಕೆಲವು ಆಸ್ಪತ್ರೆಗಳು ಹುಡುಕಿವೆ. ಅಲ್ಲಿ ಹಲವರ ಹಾಲು ಬೆರೆಸುವುದಿಲ್ಲ. ಕೊಡುವವರೂ ಪಡೆಯುವವರೂ ಪರಸ್ಪರ ಪರಿಚಯವಾಗುತ್ತಾರೆ, ಎರಡೂ ಮನೆಗಳಲ್ಲಿ ದಾಖಲೆ ಉಳಿಯುತ್ತದೆ. ಇದಕ್ಕೆ ಸಿಬ್ಬಂದಿ ಹೆಚ್ಚು ಬೇಕು, ಎಲ್ಲ ಕೂಸುಗಳಿಗೂ ಸಾಲುವಷ್ಟು ಹಾಲು ಸಿಗುವುದೂ ಕಷ್ಟ. ಆದರೂ ಸಾವಿನ ಅಂಚಿನ ಕೂಸಿಗೆ ಹಾಲು ಇಲ್ಲವೆನ್ನುವುದಕ್ಕಿಂತ ಇದು ಮೇಲು.

ತಬ್ಬಲಿ ಮಕ್ಕಳ ವಿಷಯದಲ್ಲಿ ಇದೇ ನಿಯಮ ಬಾಗಿಲು ತೆರೆದಿರುವುದನ್ನೂ ಹೇಳಬೇಕು. ದತ್ತು ಮಗುವಿಗೆ ಹೆತ್ತ ಮಗುವಿನ ವಂಶನಾಮ ಕೊಡುವುದನ್ನು ಇಸ್ಲಾಮಿನ ಶಾಸ್ತ್ರ ಒಪ್ಪುವುದಿಲ್ಲ. ಹೀಗಾಗಿ ಸಾಕಿದ ಮಗ ಬೆಳೆದ ಮೇಲೆ ಸಾಕಿದ ತಾಯಿಗೇ ಪರದೆಯ ಪ್ರಶ್ನೆ ಎದುರಾಗುತ್ತದೆ. ಆದರೆ ಆಕೆಯೋ ಆಕೆಯ ತಂಗಿಯೋ ಎರಡು ವರ್ಷದೊಳಗೆ ಅದಕ್ಕೆ ಹಾಲು ಕೊಟ್ಟರೆ ಪ್ರಶ್ನೆಯೇ ಉಳಿಯುವುದಿಲ್ಲ. ಹೆರದ ಹೆಂಗಸಿಗೂ ಔಷಧಿ ಮತ್ತು ಯಂತ್ರದ ನೆರವಿನಿಂದ ಹಾಲು ಬರಿಸುವುದು ಇಂದು ಸಾಧ್ಯವಾಗಿರುವುದರಿಂದ, ಮಲೇಷ್ಯಾದಂಥ ದೇಶಗಳಲ್ಲಿ ಮಕ್ಕಳನ್ನು ಸಾಕಿಕೊಳ್ಳುವ ದಂಪತಿಗಳು ಈ ದಾರಿ ಹಿಡಿಯುತ್ತಿದ್ದಾರೆ. ಒಂದು ಕಡೆ ಗೋಡೆಯಂತೆ ಕಾಣುವ ಕಾನೂನು ಇನ್ನೊಂದು ಕಡೆ ಮನೆಯಿಲ್ಲದ ಮಗುವಿಗೆ ಮನೆಯಾಗಿದೆ.

ಮಲೇಷ್ಯಾದ ಕುವಾಂತನ್‌ನಲ್ಲಿ ಇಂಥ ಹಾಲು ದಾನವನ್ನು ದಾಖಲೆಯೊಡನೆ ನಡೆಸುವ ಕೇಂದ್ರಕ್ಕೆ ಹಲೀಮಾ ಸಅದಿಯಾಳ ಹೆಸರಿಟ್ಟಿದ್ದಾರೆ. ಕೂಲಿ ಸಿಗುವ ಭರವಸೆಯಿಲ್ಲದೆ, ತಂದೆಯಿಲ್ಲದ ಕೂಸೊಂದನ್ನು ಎತ್ತಿಕೊಂಡ ಹೆಂಗಸು ಆಕೆ. ಅವಧಿಗೆ ಮುನ್ನ ಹುಟ್ಟಿ, ಕೈಬೆರಳಷ್ಟು ತೋಳುಗಳೊಂದಿಗೆ ಗಾಜಿನ ಪೆಟ್ಟಿಗೆಯಲ್ಲಿ ಮಲಗಿರುವ ಕೂಸಿಗೆ ಬೇಕಾಗಿರುವುದೂ ಅಂಥ ಒಬ್ಬಳೇ. ಅವಳು ಯಾರೆಂದು ಬರೆದಿಡುವ ಪುಸ್ತಕವೊಂದು ಜೊತೆಗಿದ್ದರೆ ಶಾಸ್ತ್ರಕ್ಕೂ ವೈದ್ಯಕ್ಕೂ ಜಗಳವಾಡಲು ಹೆಚ್ಚು ಕಾರಣ ಉಳಿಯುವುದಿಲ್ಲ.